ಅಪ್ಪನ ಮಾರುತಿ 800 ಮಾರಬೇಕಾ? ಸುಜುಕಿ ಕಂಪನಿ ಬಗ್ಗೆ ತಿಳಿದವರು ಸ್ವಲ್ಪ ಹೇಳಿ

ಗುಬ್ಬಿ ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕು. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದವರು, ರಿಟೈರ್ ಆಗಿ ಈಗ ತೋಟ ನೋಡಿಕೊಳ್ಳುತ್ತಾರೆ. 1997ರಲ್ಲಿ ಸಾಲ ಮಾಡಿ ಒಂದು ಮಾರುತಿ 800 ತಗೊಂಡರು. ಬಿಳಿ ಬಣ್ಣ, ಕೆಎ-06. ಆಗ ನಮ್ಮೂರಲ್ಲಿ ಇದ್ದದ್ದು ಎರಡೇ ಕಾರು. ಒಂದು ಮಿಲ್ಲಿನವರ ಅಂಬಾಸಡರ್, ಇನ್ನೊಂದು ನಮ್ಮದು. ಕಾರು ಬಂದ ದಿನ ನೇರ ಸಿದ್ಧಗಂಗೆಗೆ ಹೋಗಿ ಪೂಜೆ ಮಾಡಿಸಿದ್ದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಗ ನಾನು ಕಿವಿ ಮುಚ್ಚಿಕೊಂಡಿದ್ದು ಇನ್ನೂ ನೆನಪಿದೆ.

ಆಮೇಲೆ ಆ ಕಾರು ಮಾಡದ ಕೆಲಸ ಇಲ್ಲ. ಅಜ್ಜಿಯನ್ನು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದೆ, ಅಕ್ಕನ ಮದುವೆಗೆ ಹೂವು ಹೊತ್ತಿದೆ, ಹಿಂದಿನ ಸೀಟು ಮಡಚಿಕೊಂಡು ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಮೂಟೆನೂ ಸಾಗಿಸಿದೆ. ಈಗಲೂ ಚಳಿಗಾಲದ ಬೆಳಗ್ಗೆ ಅಪ್ಪ ಚೋಕ್ (ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಎಳೆಯುವ ಗುಂಡಿ) ಎಳೆದು, ಒಂದು ಸಲ ಕೀ ತಿರುಗಿಸಿ, ಸ್ವಲ್ಪ ಸುಮ್ಮನಿದ್ದು, ಇನ್ನೊಂದು ಸಲ ತಿರುಗಿಸುತ್ತಾರೆ. ಸ್ಟಾರ್ಟ್ ಆದ ಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತಾರೆ. ಗಡಿಬಿಡಿ ಮಾಡಿದರೆ ಎಂಜಿನ್ ನಿಂತುಹೋಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಆರ್‌ಸಿ 2027ರವರೆಗೆ ಇದೆ. ನನಗೆ ದಿನಾ ಸ್ಕೂಲಿಗೆ ತುಮಕೂರಿಗೆ ಓಡಾಡಲು ಒಂದು ಕಾರು ಬೇಕು. ಒಂದು ಶೋರೂಮಿಗೆ ಎಕ್ಸ್‌ಚೇಂಜ್ ಕೇಳಲು ಹೋದೆವು. ಅಲ್ಲಿನ ಹುಡುಗ ಕಾರಿನ ಬಾಗಿಲು ಕೂಡ ತೆಗೆದು ನೋಡಲಿಲ್ಲ, ದೂರದಿಂದಲೇ ನೋಡಿ ಗುಜರಿ ರೇಟು ಹೇಳಿದ. ಅಪ್ಪ ಏನೂ ಮಾತಾಡಲಿಲ್ಲ, ಸುಮ್ನೆ ಬಂದು ಕಾರಿನಲ್ಲಿ ಕೂತರು. ಚಿಕ್ಕಪ್ಪನ ಮಗ ಬೇರೆ, "ಅದೊಂದು ತಗಡಿನ ಡಬ್ಬ, ಆ ಕಂಪನಿ ಇವತ್ತಿಗೂ ಮಾಡುವುದು ತಗಡೇ, ಮತ್ತೆ ಅದನ್ನೇ ತಗೋಬೇಡ" ಅನ್ನುತ್ತಾನೆ.

ನನಗೆ ಗೊತ್ತಾಗಬೇಕಾದದ್ದು ಇಷ್ಟು. ಈ 800 ಇಟ್ಟುಕೊಳ್ಳಬಹುದಾ? ಸುಜುಕಿ ನಿಜವಾಗಿ ಎಂಥ ಕಂಪನಿ, ಎಲ್ಲಿಂದ ಬಂತು? "ತಗಡು" ಅನ್ನುವ ಹೆಸರು ಅದಕ್ಕೆ ಯಾಕೆ ಬಂತು, ಅದು ನಿಜವಾ? ಹೊಸ ಕಾರು ಅದೇ ಕಂಪನಿಯದು ತಗೊಂಡರೆ ತಪ್ಪಾ?

---

ಅಂತರಸನಹಳ್ಳಿ ಗ್ಯಾರೇಜು:

ಮೇಡಂ, ನಾನು 1991ರಿಂದ ಈ ಕೆಲಸ ಮಾಡುತ್ತಿದ್ದೇನೆ. ಮೊದಲು ಬಿ.ಎಚ್. ರೋಡಿನಲ್ಲಿ ಒಬ್ಬರ ಕೈಕೆಳಗೆ ಇದ್ದೆ, ಆಮೇಲೆ ಇಲ್ಲಿ ಅಂತರಸನಹಳ್ಳಿಯಲ್ಲಿ ಸ್ವಂತ ಶೆಡ್ಡು ಹಾಕಿಕೊಂಡೆ. ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ, ಉಳಿದದ್ದನ್ನು ಓದಿದವರು ಹೇಳಲಿ.

800 ಬಂದಾಗ ನಮ್ಮ ಗುರುಗಳಿಗೆ ಅದರ ಮೇಲೆ ನಂಬಿಕೆಯೇ ಇರಲಿಲ್ಲ. ಅವರು ಕಲಿತದ್ದು ಅಂಬಾಸಡರ್ ಮೇಲೆ. ಬಾನೆಟ್ ತೆಗೆದರೆ ಒಳಗೆ ಒಬ್ಬ ಮನುಷ್ಯ ನಿಂತು ಕೆಲಸ ಮಾಡುವಷ್ಟು ಜಾಗ. ಇಲ್ಲಿ ನೋಡಿದರೆ ಮೂರೇ ಸಿಲಿಂಡರು, 796 ಸಿಸಿ, ಅಡ್ಡಲಾಗಿ ಕೂರಿಸಿದ ಎಂಜಿನ್, ಮುಂದಿನ ಚಕ್ರಕ್ಕೇ ಪವರ್, ಚಕ್ರವೋ 12 ಇಂಚು. "ಇದು ನಮ್ಮ ಶಿರಾ ರೋಡಿನಲ್ಲಿ ಎಷ್ಟು ದಿನ ಬಾಳುತ್ತದೆ" ಅಂತ ಕೇಳಿದ್ದರು. ಎರಡು ವರ್ಷ ಆದ ಮೇಲೆ ಅವರೇ ಬಂದ ಗಿರಾಕಿಗಳಿಗೆಲ್ಲ ಇದನ್ನೇ ತಗೊಳ್ಳಿ ಅನ್ನುತ್ತಿದ್ದರು.

ಕಾರಣ ಏನು ಅಂದರೆ, ಈ ಗಾಡಿ ರಿಪೇರಿಗೆ ಬರುವುದೇ ಕಡಿಮೆ, ಬಂದರೂ ಸಂಜೆಯೊಳಗೆ ಮನೆಗೆ ಹೋಗುತ್ತದೆ. ಎಲ್ಲ ಕೇಬಲ್ಲು. ಕ್ಲಚ್ಚಿಗೆ ಕೇಬಲ್, ಆಕ್ಸಿಲರೇಟರಿಗೆ ಕೇಬಲ್, ಚೋಕಿಗೆ ಕೇಬಲ್. ಎಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಜೆಟ್ಟಿನ ತೂತಿಗೆ ಗಾಳಿ ಹೊಡೆದು ಹಾಕಿದರೆ ಅರ್ಧ ಕಾಯಿಲೆ ವಾಸಿ. ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲೇ ಸ್ವಲ್ಪ ನಡುಗುತ್ತದೆ, ಅದು ಅದರ ಗುಣ. ಆದರೆ ಒಂದು ಪ್ಲಗ್ ಹೋದರೆ ಆ ನಡುಕವೇ ಬೇರೆ. ಗೇರ್ ಲಿವರ್ ಮೇಲೆ ಅಂಗೈ ಇಟ್ಟರೆ ಗೊತ್ತಾಗುತ್ತದೆ, ಎರಡು ಬಡಿತ ಒಂದು ಖಾಲಿ, ಎರಡು ಬಡಿತ ಒಂದು ಖಾಲಿ. ನನ್ನ ಹತ್ತಿರ ಕಲಿತ ಹುಡುಗರಿಗೆಲ್ಲ ಮೊದಲು ಕಲಿಸಿದ್ದು ಅದನ್ನೇ.

ಸಾಮಾನು ಸಿಗುತ್ತದಾ ಅಂತ ಕೇಳುತ್ತೀರಿ. ಸಿಗುತ್ತದೆ. ಈ ಗಾಡಿ ಬಂದದ್ದು 1983ರಲ್ಲಿ, ನಿಂತದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ. ದೇಶದಲ್ಲಿ 25 ಲಕ್ಷಕ್ಕಿಂತ ಜಾಸ್ತಿ ಮಾರಾಟ ಆಗಿವೆ. ಅಷ್ಟು ಗಾಡಿ ರೋಡಿಗೆ ಬಂದ ಮೇಲೆ ಸಾಮಾನು ಅಷ್ಟು ಬೇಗ ಮಾಯ ಆಗುವುದಿಲ್ಲ. ತಿಪಟೂರಿನಲ್ಲೂ ಸಿಗುತ್ತದೆ, ಶಿರಾದಲ್ಲೂ ಸಿಗುತ್ತದೆ. ಬಂಪರ್, ರಬ್ಬರ್ ಬೀಡಿಂಗು, ಒಳಗಿನ ಪ್ಲಾಸ್ಟಿಕ್ ಇವಕ್ಕೆ ಮಾತ್ರ ಹುಡುಕಾಟ ಶುರು ಆಗಿದೆ.

ನಿಮ್ಮ ಗಾಡಿಯಲ್ಲಿ ನಾನು ಮೊದಲು ನೋಡುವುದು ಎಂಜಿನ್ ಅಲ್ಲ, ನೆಲ. ಕಾಲಿಡುವ ಜಾಗದ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ, ಬೊದ್ ಅಂದರೆ ತುಕ್ಕು ಹಿಡಿದಿದೆ. ತೋಟದಮನೆ ಅಂತೀರಿ, ಕೊಟ್ಟಿಗೆ ಪಕ್ಕದಲ್ಲಿ ನಿಲ್ಲಿಸುತ್ತಿದ್ದರೆ ಸಗಣಿ ತೇವಕ್ಕೆ ಯಾವ ಕಂಪನಿಯ ತಗಡೂ ತಡೆಯುವುದಿಲ್ಲ. ನೆಲ ಗಟ್ಟಿ ಇದ್ದರೆ ಇಟ್ಟುಕೊಳ್ಳಿ. ಆರ್‌ಸಿ ನವೀಕರಣಕ್ಕೆ ಈಗ ದುಡ್ಡು ಜಾಸ್ತಿ ಆಗಿದೆ. 2025ರಲ್ಲಿ ನಿಯಮ ಬದಲಾಗಿ, 20 ವರ್ಷ ದಾಟಿದ ಕಾರಿಗೆ ಶುಲ್ಕವೇ 10,000 ರೂಪಾಯಿ, ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ, ಫಿಟ್‌ನೆಸ್ ಬೇರೆ. ಅಷ್ಟು ಕಟ್ಟಲು ಮನಸ್ಸಿದ್ದರೆ ಗುಜರಿಗೆ ಮಾತ್ರ ಕೊಡಬೇಡಿ.

---

ಶಿಡ್ಲಘಟ್ಟ ರೀಲರ್:

ಕಂಪನಿ ಎಲ್ಲಿಂದ ಬಂತು ಅಂತ ಕೇಳಿದ್ದೀರಲ್ಲ ಅಕ್ಕ, ಅದನ್ನು ನಾನು ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ಕಸುಬಿಗೆ ಹತ್ತಿರದ ಕಥೆ. ನಮ್ಮದು ಶಿಡ್ಲಘಟ್ಟ. ತಾತನ ಕಾಲದಿಂದ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕೆಲಸ. ಸುಜುಕಿ ಶುರುವಾದದ್ದು ಕಾರಿನಿಂದ ಅಲ್ಲ, ಬೈಕಿನಿಂದಲೂ ಅಲ್ಲ. ಮಗ್ಗದಿಂದ.

ಜಪಾನಿನಲ್ಲಿ ಹಮಾಮತ್ಸು ಅಂತ ಊರು. ಅಲ್ಲಿ ಮಿಚಿಯೊ ಸುಜುಕಿ ಅಂತ ಒಬ್ಬರು, ಬಡಗಿ ಕೆಲಸ ಕಲಿತವರು. ನೇಯ್ಗೆ ಮಾಡುತ್ತಿದ್ದ ತಾಯಿಯ ಕಷ್ಟ ಕಡಿಮೆ ಆಗಲಿ ಅಂತ ಒಂದು ಮರದ ಮಗ್ಗ ಮಾಡಿಕೊಟ್ಟರು. ಅದು ಚೆನ್ನಾಗಿ ನಡೆಯಿತು, ಅಕ್ಕಪಕ್ಕದವರೂ ಕೇಳಿದರು. 1909ರಲ್ಲಿ ಮಗ್ಗ ಮಾಡುವ ಕಾರ್ಖಾನೆಯನ್ನೇ ತೆರೆದರು, 1920ರಲ್ಲಿ ಅದು ಕಂಪನಿ ಆಯಿತು. ನಮ್ಮ ಅಜ್ಜಿ ಕುದಿಯುವ ಬೇಸಿನ್ನಿಗೆ ಬೆರಳು ಅದ್ದಿ ಅದ್ದಿ ಎಳೆಯ ತುದಿ ಹುಡುಕುತ್ತಿದ್ದರು, ಬೆರಳ ತುದಿಯ ಚರ್ಮ ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಹಾಗಾಗಿ ತಾಯಿಗೋಸ್ಕರ ಯಂತ್ರ ಮಾಡಿದ ಮಗ ಅಂದರೆ ನನಗೆ ಬೇಗ ಅರ್ಥ ಆಗುತ್ತದೆ.

ಮಗ್ಗ ಒಂದು ಸಲ ಕೊಂಡರೆ ಎಷ್ಟೋ ವರ್ಷ ಬಾಳುತ್ತದೆ, ಅದೇ ಗಿರಾಕಿ ಮತ್ತೆ ಬರುವುದು ಯಾವಾಗಲೋ. ಹಾಗಾಗಿ ಬೇರೆ ಏನಾದರೂ ಮಾಡಬೇಕು ಅಂತ ಅವರು 1937ರಲ್ಲೇ ಸಣ್ಣ ಕಾರಿನ ಕೆಲಸಕ್ಕೆ ಕೈಹಾಕಿದರು. ಇಂಗ್ಲೆಂಡಿನ ಆಸ್ಟಿನ್ ಸೆವೆನ್ ತರಿಸಿ ಬಿಚ್ಚಿ ನೋಡಿದರು. ಅಷ್ಟರಲ್ಲಿ ಯುದ್ಧ ಬಂತು, ಎಲ್ಲ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಮಗ್ಗಕ್ಕೇ ಬಂದರು, 1951ರಲ್ಲಿ ಹತ್ತಿ ವ್ಯಾಪಾರ ಬಿದ್ದುಹೋಯಿತು. ಗೂಡಿನ ರೇಟು ಬಿದ್ದರೆ ನಮ್ಮ ಊರು ಏನಾಗುತ್ತದೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1952ರಲ್ಲಿ ಸೈಕಲ್ಲಿಗೆ 36 ಸಿಸಿ ಎಂಜಿನ್ ಕಟ್ಟಿ "ಪವರ್ ಫ್ರೀ" ಅಂತ ಮಾರಿದರು. 1954ರಲ್ಲಿ ಹೆಸರು ಸುಜುಕಿ ಮೋಟಾರ್ ಆಯಿತು. 1955ರಲ್ಲಿ ಮೊದಲ ಕಾರು, ಸುಜುಲೈಟ್. 360 ಸಿಸಿ, ಎರಡು ಸ್ಟ್ರೋಕಿನ ಎಂಜಿನ್, ಮುಂದಿನ ಚಕ್ರಕ್ಕೆ ಪವರ್. ಗ್ಯಾರೇಜಿನ ಅಣ್ಣ ಹೇಳಿದ ಆ ಮುಂದಿನ ಚಕ್ರದ ಪವರನ್ನು ಇವರು ಅಷ್ಟು ಹಿಂದೆಯೇ ಮಾಡಿದ್ದರು. ಇಂಗ್ಲೆಂಡಿನ ಮಿನಿ ಬಂದದ್ದು ಇದಾಗಿ ನಾಲ್ಕು ವರ್ಷಕ್ಕೆ, 1959ರಲ್ಲಿ.

360 ಯಾಕೆ ಅಂದರೆ, ಜಪಾನಿನಲ್ಲಿ ಸಣ್ಣ ಕಾರಿಗೆ "ಕೇ" ಅಂತ ಒಂದು ವರ್ಗ ಇದೆ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಸಿಸಿ ದಾಟದಿದ್ದರೆ ತೆರಿಗೆ ಕಡಿಮೆ. ಮೊದಲು 360 ಸಿಸಿ, 1976ರಿಂದ 550, 1990ರಿಂದ 660. ಸುಜುಕಿ ಬೆಳೆದದ್ದೇ ಈ ಅಳತೆಯೊಳಗೆ. ಜಾಗ ಇಷ್ಟೇ, ದುಡ್ಡು ಇಷ್ಟೇ, ಇದರಲ್ಲೇ ನಾಲ್ಕು ಜನ ಕೂರಬೇಕು ಅನ್ನುವುದು ಅವರಿಗೆ ಬಾಲ್ಯದ ಪಾಠ.

ಆಮೇಲೆ ಒಸಾಮು ಸುಜುಕಿ. ಇವರು ಮನೆಅಳಿಯ! ಹುಟ್ಟಿದ ಮನೆ ಹೆಸರು ಮತ್ಸುದಾ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಮಿಚಿಯೊ ಅವರ ಮೊಮ್ಮಗಳನ್ನು ಮದುವೆ ಆಗಿ, ಹೆಂಡತಿ ಮನೆಯ ಹೆಸರು ತಗೊಂಡು 1958ರಲ್ಲಿ ಕಂಪನಿ ಸೇರಿದರು. 1978ರಲ್ಲಿ ಅಧ್ಯಕ್ಷರಾದರು. ಆಗ ಕಂಪನಿ ಕಷ್ಟದಲ್ಲಿತ್ತು. ಹೊಗೆ ನಿಯಮ ಬಿಗಿಯಾಗಿ ಅವರ ಎರಡು ಸ್ಟ್ರೋಕಿನ ಎಂಜಿನ್ನಿಗೆ ಕಷ್ಟ ಆಗಿತ್ತು. ಒಸಾಮು 1979ರಲ್ಲಿ ಆಲ್ಟೊ ತಂದರು, ಬೆಲೆ 4,70,000 ಯೆನ್. ಅದನ್ನು ಸಾಮಾನು ಸಾಗಿಸುವ ಗಾಡಿ ಅಂತ ರಿಜಿಸ್ಟರ್ ಮಾಡುವ ಹಾಗೆ ಮಾಡಿದ್ದರಿಂದ ಒಂದು ದೊಡ್ಡ ತೆರಿಗೆ ಉಳಿಯಿತು. ಉಳಿದದ್ದು ಒಂದೊಂದೇ ಕೂದಲೆಳೆಯಷ್ಟು ಉಳಿತಾಯ. ಡ್ರೈವರ್ ಪಕ್ಕ ಕೂರುವವರ ಬಾಗಿಲಿಗೆ ಹೊರಗಡೆ ಬೀಗದ ತೂತೇ ಇಲ್ಲ. ಒಬ್ಬರೇ ಓಡಿಸುವ ಕಾರಿಗೆ ಎರಡು ಕಡೆ ಬೀಗ ಯಾಕೆ ಅನ್ನುವ ಲೆಕ್ಕ. ಗಾಜು ತೊಳೆಯುವ ನೀರಿಗೂ ಮೋಟಾರು ಇಲ್ಲ, ಕೈಯಿಂದ ಒತ್ತುವ ಪಂಪು.

ಸುಜುಕಿಯವರಲ್ಲಿ ಒಂದು ಮಾತಿದೆ: ಒಂದು ಬಿಡಿಭಾಗ, ಒಂದು ಗ್ರಾಂ, ಒಂದು ಯೆನ್. ಪ್ರತಿ ಬಿಡಿಭಾಗದಲ್ಲೂ ಒಂದು ಗ್ರಾಂ ತೂಕ, ಒಂದು ಯೆನ್ ಖರ್ಚು ಇಳಿಸಲು ಆಗುತ್ತದಾ ನೋಡು ಅಂತ. ನಿಮ್ಮ ಚಿಕ್ಕಪ್ಪನ ಮಗ "ತಗಡು" ಅನ್ನುವುದು ಇದನ್ನೇ. ನನಗೆ ಅದು ನಮ್ಮ ಅಜ್ಜಿ ಗೂಡಿನ ಕೊನೆಯ ಎಳೆಯವರೆಗೂ ಬಿಡದೆ ತೆಗೆಯುತ್ತಿದ್ದ ಹಾಗೆ ಕಾಣುತ್ತದೆ. ಜಿಪುಣತನ ಬೇರೆ, ಪೋಲು ಮಾಡದಿರುವುದು ಬೇರೆ ಅಲ್ವಾ?

ಇಂಡಿಯಾಕ್ಕೆ ಬಂದ ಕಥೆ ನಿಮಗೆ ಸ್ವಲ್ಪ ಗೊತ್ತಿರಬಹುದು. ಸಂಜಯ್ ಗಾಂಧಿ 1971ರಲ್ಲಿ ಶುರು ಮಾಡಿದ ಮಾರುತಿ ಕಾರು ಮಾಡಲಾಗದೆ ಮುಚ್ಚಿತು. 1981ರಲ್ಲಿ ಸರ್ಕಾರ ಮಾರುತಿ ಉದ್ಯೋಗ್ ಅಂತ ಹೊಸದಾಗಿ ಶುರು ಮಾಡಿ, ಹೊರದೇಶದ ಜೊತೆಗಾರರನ್ನು ಹುಡುಕಿತು. ಜಪಾನಿನ ದೊಡ್ಡ ಕಂಪನಿಗಳ ಕಣ್ಣು ಅಮೆರಿಕದ ಮೇಲಿತ್ತು. ಒಸಾಮು ಇಲ್ಲಿಗೆ ಬರಲು ಒಪ್ಪಿದರು. 1982ರ ಅಕ್ಟೋಬರಿನಲ್ಲಿ ಒಪ್ಪಂದ ಆಯಿತು, ಸುಜುಕಿ ಪಾಲು 26 ಶೇಕಡಾ. ಮಗ್ಗ ಮಾಡಿದ ಮಿಚಿಯೊ ತೀರಿಕೊಂಡದ್ದೂ ಅದೇ ವರ್ಷ. 1983ರ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿ ಮೊದಲ ಕಾರಿನ ಕೀ ಕೊಟ್ಟರು. ಬೆಲೆ 47,500 ರೂಪಾಯಿ. ಕಾರು ನೋಡುವ ಮೊದಲೇ ಲಕ್ಷಕ್ಕೂ ಹೆಚ್ಚು ಜನ ಹತ್ತತ್ತು ಸಾವಿರ ಕಟ್ಟಿ ಬುಕ್ ಮಾಡಿದ್ದರು. ಆ ಕಾರು ಮೇಲೆ ಹೇಳಿದ ಆಲ್ಟೊ ಮನೆತನದ್ದೇ. ನಿಮ್ಮ ಅಪ್ಪನ 1997ರ ಕಾರು 1986ರಲ್ಲಿ ಬಂದ ಎರಡನೇ ಆಕಾರದ್ದು.

ಗುರುಗ್ರಾಮದ ಫ್ಯಾಕ್ಟರಿಯಲ್ಲಿ ಮ್ಯಾನೇಜರಿಗೂ ಕೆಲಸಗಾರನಿಗೂ ಒಂದೇ ಯೂನಿಫಾರ್ಮ್, ಊಟಕ್ಕೆ ಒಂದೇ ಕ್ಯಾಂಟೀನು. ಆ ಕಾಲದ ಸರ್ಕಾರಿ ಕಂಪನಿಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಒಳ್ಳೆಯದನ್ನೇ ಹೇಳಿ ನಿಲ್ಲಿಸಿದರೆ ತಪ್ಪಾಗುತ್ತದೆ. 2012ರ ಜುಲೈನಲ್ಲಿ ಮಾರುತಿಯ ಮಾನೇಸರ್ ಫ್ಯಾಕ್ಟರಿಯಲ್ಲಿ ಗಲಭೆ ಆಗಿ ಒಬ್ಬ ಅಧಿಕಾರಿ ಪ್ರಾಣ ಹೋಯಿತು, ಎಷ್ಟೋ ಕೆಲಸಗಾರರು ವರ್ಷಗಟ್ಟಲೆ ಜೈಲಿನಲ್ಲಿದ್ದರು. ಒಂದೇ ಕ್ಯಾಂಟೀನಿನ ಕಂಪನಿಗೆ ಅದು ಆಗಬಾರದಿತ್ತು. 2016ರಲ್ಲಿ ಜಪಾನಿನಲ್ಲಿ ಮೈಲೇಜ್ ಪರೀಕ್ಷೆಯನ್ನು ನಿಯಮದ ಪ್ರಕಾರ ಮಾಡಿರಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು, ಒಸಾಮು ಸಿಇಒ ಹುದ್ದೆ ಬಿಟ್ಟರು. ಅಮೆರಿಕದಲ್ಲಿ ಕಾರು ಮಾರುವುದನ್ನು 2012ರಲ್ಲೇ ನಿಲ್ಲಿಸಿದ್ದಾರೆ. ಅಲ್ಲಿಯವರಿಗೆ ಇಷ್ಟು ಸಣ್ಣ ಕಾರು ಬೇಡ.

ಒಸಾಮು 2024ರ ಡಿಸೆಂಬರ್ 25ಕ್ಕೆ ತೀರಿಕೊಂಡರು, 94 ವರ್ಷ. ನಮ್ಮ ಸರ್ಕಾರ 2007ರಲ್ಲಿ ಪದ್ಮಭೂಷಣ, ತೀರಿಕೊಂಡ ಮೇಲೆ 2025ರಲ್ಲಿ ಪದ್ಮವಿಭೂಷಣ ಕೊಟ್ಟಿತು.

---

ಗುಬ್ಬಿ ತೋಟದಮನೆ:

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಬಾಗಿಲಿಗೆ ಒಂದೇ ಕಡೆ ಬೀಗ ಅನ್ನುವಾಗ "ಸರಿಯಾಗೇ ಯೋಚನೆ ಮಾಡಿದ್ದಾನೆ" ಅಂದರು. ಮಗ್ಗದ ವಿಷಯ ಎರಡು ಸಲ ಓದಿಸಿದರು. ಅಮ್ಮನ ತವರು ಮನೆಯವರು ನೇಕಾರರು.

ಒಂದು ಸಣ್ಣ ಪ್ರಶ್ನೆ. ಹಾಗಾದರೆ ಮಾರುತಿ ಈಗ ನಮ್ಮದಾ ಅವರದಾ? ಅಪ್ಪ ಇನ್ನೂ "ಸರ್ಕಾರಿ ಕಂಪನಿ, ಅದಕ್ಕೇ ನಂಬಿ ತಗೊಂಡೆ" ಅನ್ನುತ್ತಾರೆ.

---

ಕೋಲಾರ ಮಂಡಿ:

ಮೇಡಂ, ಮೇಷ್ಟ್ರು ಹೇಳಿದ್ದು ಅವರು ತಗೊಂಡ ಕಾಲಕ್ಕೆ ಅರ್ಧ ಸರಿ. 1992ರಿಂದ ಸುಜುಕಿ ಪಾಲು 50 ಶೇಕಡಾ ಆಗಿತ್ತು. 2002ರಲ್ಲಿ ಅರ್ಧ ದಾಟಿ ಹಿಡಿತ ಅವರ ಕೈಗೆ ಹೋಯಿತು, 2003ರಲ್ಲಿ ಷೇರು ಪೇಟೆಗೆ ಬಂತು, 2007ರಲ್ಲಿ ಸರ್ಕಾರ ಪೂರ್ತಿ ಹೊರಗೆ ಬಂದು ಹೆಸರು ಮಾರುತಿ ಸುಜುಕಿ ಆಯಿತು. ಕೆಲಸ ಮಾಡುವವರು ನಮ್ಮವರು, ಯಜಮಾನಿಕೆ ಅವರದು. ಇನ್ನೊಂದು ವಿಷಯ, ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗಿ ಬಂದದ್ದು ನಮ್ಮ ಬಿಡದಿಯ ಟೊಯೋಟಾ ಫ್ಯಾಕ್ಟರಿಯಿಂದ. 2019ರಿಂದ ಆ ಎರಡೂ ಕಂಪನಿ ಒಬ್ಬರ ಷೇರು ಒಬ್ಬರು ಇಟ್ಟುಕೊಂಡಿದ್ದಾರೆ.

ನಾನು 14 ವರ್ಷ ಆಮ್ನಿ ಇಟ್ಟಿದ್ದೆ. ಅದರಲ್ಲೂ ಇದೇ 796 ಸಿಸಿ ಎಂಜಿನ್, ಮುಂದಿನ ಸೀಟಿನ ಕೆಳಗೆ. ಹಿಂದಿನ ಸೀಟು ತೆಗೆದು ಟೊಮೆಟೊ ಕ್ರೇಟು ಜೋಡಿಸಿದರೆ ಬೆಳಗಿನ ಜಾವ ಎಪಿಎಂಸಿಯಲ್ಲಿ ಲಾರಿಗಳ ಸಂದಿಯಲ್ಲೂ ನುಗ್ಗುತ್ತಿತ್ತು. ಜಾರುವ ಬಾಗಿಲು ಇದ್ದದ್ದರಿಂದ ಎಷ್ಟು ಇಕ್ಕಟ್ಟಾದರೂ ಕ್ರೇಟು ಇಳಿಸಬಹುದಿತ್ತು. ಸೊಂಟದ ಕೆಳಗೆ ಕಾವು ತಟ್ಟುತ್ತಿತ್ತು, ಜನವರಿಯಲ್ಲಿ ಅದೇ ಹಿತ. 2019ರಲ್ಲಿ ನಿಲ್ಲಿಸಿದಾಗ ನಮ್ಮ ಮಂಡಿಯಲ್ಲಿ ಬೇಜಾರು ಮಾಡಿಕೊಳ್ಳದವರೇ ಇಲ್ಲ.

---

ಶಿರಾ ಗೇಟ್:

ಎಲ್ಲರೂ ಪ್ರೀತಿಯಿಂದ ಬರೆದಿದ್ದೀರಿ, ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ.

ನಾನು ಒಂಬತ್ತು ವರ್ಷ ಆಂಬ್ಯುಲೆನ್ಸ್ ಓಡಿಸಿದ್ದೇನೆ, ಜಾಸ್ತಿ ಹೈವೇ 48ರಲ್ಲೇ. ಕ್ಯಾತ್ಸಂದ್ರದಿಂದ ಶಿರಾವರೆಗೆ ಎಲ್ಲೆಲ್ಲಿ ಏನು ಆಗಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಯಾವ ಕಂಪನಿ ಕಾರು ಅಂತ ಹೇಳುವುದಿಲ್ಲ, ಆ ಹೊತ್ತಿನಲ್ಲಿ ನಾವು ಅದನ್ನು ನೋಡುವುದೂ ಇಲ್ಲ. ಒಂದು ಮಾತ್ರ ಹೇಳುತ್ತೇನೆ. ಗಾಳಿಚೀಲ (ಏರ್‌ಬ್ಯಾಗ್) ಬಿಚ್ಚಿಕೊಂಡ ಕಾರಿನಿಂದ ತೆಗೆದವರು ನನ್ನ ಜೊತೆ ಮಾತಾಡಿಕೊಂಡು ಬಂದಿದ್ದಾರೆ. ಏನೂ ಇಲ್ಲದ ಕಾರಿನಿಂದ ತೆಗೆದವರು ಅಷ್ಟು ಮಾತಾಡಿಲ್ಲ. ಒಂದು ಸಲ ಒಬ್ಬರು ಹೆಂಗಸು, ಬೆಲ್ಟ್ ಹಾಕಿದ ಗುರುತು ಭುಜದಿಂದ ಸೊಂಟದವರೆಗೆ ಬರೆ ಎಳೆದ ಹಾಗೆ ಕೆಂಪಗಿತ್ತು, ಅಷ್ಟೇ ಗಾಯ. ಆಸ್ಪತ್ರೆವರೆಗೂ ಆ ಗುರುತು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ತಗಡು" ಅನ್ನುವ ಹೆಸರು ಸುಮ್ನೆ ಬಂದದ್ದಲ್ಲ. 2014ರಲ್ಲಿ, ಕಾರು ಗುದ್ದಿಸಿ ನೋಡಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನವರು ಗಾಳಿಚೀಲ ಇಲ್ಲದ ಸ್ವಿಫ್ಟನ್ನು ಗುದ್ದಿಸಿ ನೋಡಿದಾಗ ಸೊನ್ನೆ ಸ್ಟಾರ್ ಬಂತು. 2022ರಲ್ಲಿ ಎರಡು ಗಾಳಿಚೀಲ ಇದ್ದ ಸ್ವಿಫ್ಟಿಗೂ ಹೊಸ ನಿಯಮದಲ್ಲಿ ಒಂದೇ ಸ್ಟಾರ್. ಮರುವರ್ಷ ವ್ಯಾಗನ್ ಆರ್‌ಗೂ ಒಂದು. ಒಂದು ಗ್ರಾಂ ಒಂದು ಯೆನ್ ಅನ್ನುವುದು ಬಾಗಿಲ ಬೀಗದಲ್ಲಿ ಇರಲಿ, ಎದೆ ಮುಂದಿನ ಉಕ್ಕಿನಲ್ಲಿ ಬೇಡ. ಒಳಗೆ ಕೂತ ಜೀವವೂ ಒಂದೇ ಇರುವುದು. ಬೇರೆ ದೇಶಕ್ಕೆ ಕಳಿಸುವ ಕಾರಿಗೆ ಹಾಕುವುದನ್ನು ನಮ್ಮವರಿಗೂ ಮೊದಲೇ ಹಾಕಬೇಕಿತ್ತು. ಕಂಪನಿ ತಡ ಮಾಡಿತು ಅಂತಲೇ ನಾನು ಹೇಳುತ್ತೇನೆ.

ತಡವಾದರೂ ಬದಲಾಗಿದೆ, ಅದನ್ನೂ ಹೇಳಬೇಕು. 2018ರಲ್ಲಿ ಬ್ರೆಜಾಗೆ ನಾಲ್ಕು ಸ್ಟಾರ್ ಬಂದಿತ್ತು. 2024ರ ಹೊಸ ಡಿಜೈರಿಗೆ ದೊಡ್ಡವರ ರಕ್ಷಣೆಯಲ್ಲಿ ಐದು ಸ್ಟಾರ್, ಮಕ್ಕಳಿಗೆ ನಾಲ್ಕು. ಮಾರುತಿಗೆ ಅದೇ ಮೊದಲ ಐದು. 2025ರಲ್ಲಿ ಆಲ್ಟೊ ಕೆ10, ವ್ಯಾಗನ್ ಆರ್‌ನಂಥ ಸಣ್ಣ ಕಾರಿಗೂ ಆರು ಗಾಳಿಚೀಲ ಕೊಟ್ಟಿದ್ದಾರೆ. ಗಾಳಿಚೀಲ ಆರಿದ್ದ ಮಾತ್ರಕ್ಕೆ ಬಾಡಿ ಗಟ್ಟಿ ಆಗುವುದಿಲ್ಲ, ಎರಡೂ ಬೇಕು. ಹಾಗಾಗಿ ಕಂಪನಿ ಹೆಸರು ನೋಡಬೇಡಿ, ನೀವು ತಗೊಳ್ಳುವ ಆ ಮಾಡೆಲ್ಲಿಗೆ, ಆ ವರ್ಷಕ್ಕೆ ಎಷ್ಟು ಸ್ಟಾರ್ ಬಂದಿದೆ ನೋಡಿ.

ಅಕ್ಕ, 800 ಇಟ್ಟುಕೊಳ್ಳಿ, ನಾನೂ ಬೇಡ ಅನ್ನುವುದಿಲ್ಲ. ಆದರೆ ಅದನ್ನು ದಿನಾ ಗುಬ್ಬಿ ರಸ್ತೆಯಲ್ಲಿ ಟಿಪ್ಪರ್ ನಡುವೆ ತುಮಕೂರಿಗೆ ತರಬೇಡಿ. ಸುಮಾರು 650 ಕೆಜಿ ಗಾಡಿ ಅದು. ಎದುರಿಗೆ ಬರುವ ಗಾಡಿಗಳು ಈಗ ಅದರ ಎರಡರಷ್ಟು ತೂಗುತ್ತವೆ.

---

ಅಂತರಸನಹಳ್ಳಿ ಗ್ಯಾರೇಜು:

ಶಿರಾ ಗೇಟ್ ಅಣ್ಣ ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಾನು ಎಂಜಿನ್ ಮಾತ್ರ ನೋಡಿ ಬರೆದಿದ್ದೆ.

ಒಂದು ಮಾತು ಸೇರಿಸುತ್ತೇನೆ. ಗುದ್ದಿದ ಮೇಲಿನ ಮಾತು ಒಂದು, ಗುದ್ದುವ ಮೊದಲಿನದು ಇನ್ನೊಂದು. ನನ್ನ ಶೆಡ್ಡಿಗೆ ಬರುವ ಹಳೇ ಸಣ್ಣ ಕಾರುಗಳಲ್ಲಿ ಅರ್ಧಕ್ಕರ್ಧ ಟೈರು ಬೋಳಾಗಿರುತ್ತವೆ, ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. "ಅಗ್ಗದ ಕಾರು ತಾನೆ" ಅಂತ ಯಜಮಾನರೂ ಅಗ್ಗವಾಗಿ ನೋಡಿಕೊಳ್ಳುತ್ತಾರೆ. ಮೇಡಂ, ಅಪ್ಪನ ಕಾರಿನಲ್ಲಿ ಹಿಂದಿನ ಬ್ರೇಕಿನ ಡ್ರಮ್ ಬಿಚ್ಚಿ ಎಷ್ಟು ವರ್ಷ ಆಯಿತು ಅಂತ ಕೇಳಿ. ಬೆಲ್ಟಿನ ಬಕ್ಕಲ್ ಹಿಡಿಯುತ್ತದಾ ನೋಡಿ.

ಹೊಸದಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ 18 ಶೇಕಡಾಕ್ಕೆ ಇಳಿದಿದೆ. ಉಳಿಯುವ ದುಡ್ಡನ್ನು ಟಚ್ ಸ್ಕ್ರೀನಿಗೆ ಹಾಕಬೇಡಿ. ಒಂದು ಮೆಟ್ಟಿಲು ಮೇಲಿನ, ಸ್ಟಾರ್ ಇರುವ ಕಾರಿಗೆ ಹಾಕಿ. ಅದು ಸುಜುಕಿ ಆದರೂ ಸರಿ, ಬೇರೆ ಆದರೂ ಸರಿ.

---

ಗುಬ್ಬಿ ತೋಟದಮನೆ:

ಮನೆಯಲ್ಲಿ ಕೂತು ಮಾತಾಡಿದೆವು. ನನ್ನ ಓಡಾಟಕ್ಕೆ ಡಿಜೈರ್ ನೋಡುತ್ತೇನೆ, ಬಜೆಟ್ಟಿಗೆ ಸ್ವಲ್ಪ ಎಳೆದಾಟ ಆಗುತ್ತದೆ, ಆದರೂ ಶಿರಾ ಗೇಟ್ ಅಣ್ಣ ಬರೆದದ್ದನ್ನು ಓದಿದ ಮೇಲೆ ಅದಕ್ಕಿಂತ ಕೆಳಗೆ ಇಳಿಯಲು ಮನಸ್ಸು ಬರುತ್ತಿಲ್ಲ. 800 ಅಪ್ಪನ ಹತ್ತಿರವೇ ಇರುತ್ತದೆ. ತೋಟ, ಸಂತೆ, ಊರ ಜಾತ್ರೆ, ಅಷ್ಟಕ್ಕೆ ಮಾತ್ರ ಅಂತ ಅವರೇ ಒಪ್ಪಿದರು.

ಇವತ್ತು ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ತಟ್ಟಿದೆವು. ಡ್ರೈವರ್ ಕಡೆ ಟಣ್ ಅಂತು. ಎಡಗಡೆ, ಅಮ್ಮ ಕೂರುವ ಕಡೆ, ಅಂಗೈ ಅಗಲ ಜಾಗದಲ್ಲಿ ಬೊದ್ ಅಂತು. ಕೊಟ್ಟಿಗೆ ಕಡೆಗೇ ನಿಲ್ಲಿಸುತ್ತಿದ್ದೆವು, ನೀವು ಹೇಳಿದ್ದು ಸರಿ. ಹಿಂದಿನ ಡ್ರಮ್ ಬಿಚ್ಚಿದ್ದು ಯಾವಾಗ ಅಂತ ಅಪ್ಪನಿಗೆ ನೆನಪೇ ಆಗಲಿಲ್ಲ. ಗ್ಯಾರೇಜಿನ ಅಣ್ಣ, ಅಂಗೈ ಅಗಲ ಅಂದರೆ ತುಂಬಾ ಹೋಗಿದೆಯಾ?

---

ಅಂತರಸನಹಳ್ಳಿ ಗ್ಯಾರೇಜು:

ಅಂಗೈ ಅಗಲ ಏನೂ ಅಲ್ಲ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ ಅಂಡರ್‌ಕೋಟ್ ಹೊಡೆದರೆ ಒಂದು ದಿನದ ಕೆಲಸ. ಡ್ರಮ್ಮೂ ಅವತ್ತೇ ಬಿಚ್ಚುತ್ತೇನೆ. ಬರುವಾಗ ನಿಧಾನಕ್ಕೆ ಬನ್ನಿ, ಹೈವೇ ಬೇಡ, ಹಳೇ ರಸ್ತೆಯಲ್ಲಿ ಬನ್ನಿ. ಮೇಷ್ಟ್ರನ್ನೂ ಕರೆದುಕೊಂಡು ಬನ್ನಿ, ಆ ಚೋಕ್ ಕೇಬಲ್ ಎಷ್ಟು ಎಳೆದರೆ ಸರಿ ಅಂತ ಅವರ ಕೈಯಿಂದಲೇ ನೋಡಿ ಸೆಟ್ ಮಾಡಬೇಕು. ಭಾನುವಾರ ಒಂಬತ್ತು ಗಂಟೆಗೆ ಶೆಡ್ಡು ತೆಗೆದಿರುತ್ತೇನೆ.